ಮಸಿಯ ಲೆಕ್ಕ

ಮನೆಗೆ ಒಂದು ವಸ್ತುವನ್ನು ತರುವಾಗ ಅದರ ಬೆಲೆಯನ್ನು ವಿಚಾರಿಸುವುದು ನಮ್ಮೆಲ್ಲರ ರೂಢಿ. ಆದರೆ ಕೆಲವು ವಸ್ತುಗಳ ಬೆಲೆಯು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಮುಗಿಯುವುದಿಲ್ಲ. ಅವು ಮನೆಗೆ ಬಂದ ಮೇಲೆಯೂ ದಿನದಿನವೂ ಕೈಚಾಚುತ್ತಲೇ ಇರುತ್ತವೆ. ಎಮ್ಮೆಯನ್ನು ಕೊಳ್ಳುವವನು ಮೊದಲು ಮೇವಿನ ಲೆಕ್ಕ ಹಾಕಬೇಕೆಂಬುದು ಒಕ್ಕಲು ಮನೆತನದಲ್ಲಿ ಹುಟ್ಟಿದ ನನಗೆ ತಿಳಿಯದ ಸಂಗತಿಯೇನಲ್ಲ. ಆದರೂ ಗಣಕಯಂತ್ರಕ್ಕೆ ಜೋಡಿಸುವ ಒಂದು ಸಣ್ಣ ಮುದ್ರಣಯಂತ್ರವನ್ನು, ಎಂದರೆ ಈಗ ಎಲ್ಲರ ಬಾಯಲ್ಲಿಯೂ ಪ್ರಿಂಟರ್ ಎಂದೇ ರೂಢಿಯಾಗಿರುವ ವಸ್ತುವನ್ನು ಕೊಳ್ಳುವಾಗ ನಾನು ಈ ಮಾತನ್ನು ಮರೆತೆನು. ಮರೆತವನು ನಾನು, ದಂಡ ತೆತ್ತವಳು ನನ್ನ ತಂಗಿ. ಇಂದು ಅನೇಕ ಸದ್ಗೃಹಸ್ಥರು ಮಕ್ಕಳ ಓದಿಗೆಂದೋ ಮನೆಯ ಸಣ್ಣ ಉದ್ಯೋಗಕ್ಕೆಂದೋ ಈ ಯಂತ್ರವನ್ನು ಕೊಳ್ಳುತ್ತಿರುವುದರಿಂದ, ನನ್ನ ಅನುಭವವು ಒಬ್ಬರಿಗಾದರೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಚಳ್ಳಕೆರೆಯವನು. ಶೇಂಗಾ ಮತ್ತು ಎಣ್ಣೆಯ ಗಿರಣಿಗಳಿಂದ ಹೆಸರಾದ ನಮ್ಮ ಊರಿನ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಗಣಿತವನ್ನು ಬೋಧಿಸಿ 2016ರಲ್ಲಿ ನಿವೃತ್ತನಾದೆನು. ಲಾಭ-ನಷ್ಟದ ಲೆಕ್ಕವನ್ನು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿರುವೆನೋ ಎಣಿಕೆಗೆ ಸಿಗದು. ಆ ದಿನಗಳಲ್ಲಿ ಪ್ರಶ್ನೆಪತ್ರಿಕೆಗಳನ್ನು ಮೇಣದ ಹಾಳೆಯ ಮೇಲೆ ಕೊರೆದು, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಉರುಳಿಸಿ ತೆಗೆಯುತ್ತಿದ್ದೆವು. ಪರೀಕ್ಷೆ ಮುಗಿದು ವಾರ ಕಳೆದರೂ ಬೆರಳ ಸಂದಿಯ ಮಸಿ ಹೋಗುತ್ತಿರಲಿಲ್ಲ. ಅಚ್ಚಿನ ಅಕ್ಷರವೆಂದರೆ ನಮ್ಮ ತಲೆಮಾರಿನವರಿಗೆ ಒಂದು ಬಗೆಯ ಭಕ್ತಿ. ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚಿಗೆ ತರಲೆಂದು 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದಾಗ ಸ್ವಂತ ಮನೆಯನ್ನೇ ಮಾರಬೇಕಾಯಿತೆಂಬುದನ್ನು ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತಿದ್ದರು. ಅಂಥ ಮುದ್ರಣವು ಈಗ ಪಡಸಾಲೆಯ ಮೇಜಿನ ಮೇಲೆ ಕುಳಿತುಕೊಳ್ಳುವಷ್ಟು ಚಿಕ್ಕದಾಗಿ, ಸಾಮಾನ್ಯರ ಕೈಗೆಟಕುವಂತಾಗಿರುವುದು ಸಂತೋಷದ ವಿಷಯವೇ ಸರಿ.

ನಮ್ಮ ತಂದೆಯವರು ಬರೆದಿಟ್ಟಿದ್ದ ದಿನಚರಿಯನ್ನು ಅಚ್ಚುಮಾಡಿ ಬಂಧುಗಳಿಗೆ ಹಂಚಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಅದಕ್ಕಾಗಿ 2018ರ ಬೇಸಗೆಯಲ್ಲಿ ಚಿತ್ರದುರ್ಗಕ್ಕೆ ಹೋಗಿ, 11,000 ರೂಪಾಯಿ ಕೊಟ್ಟು, ಬದಿಯಲ್ಲಿ ಮಸಿಯ ತೊಟ್ಟಿಗಳಿರುವ ಒಂದು ಇಂಕ್‌ಜೆಟ್ ಪ್ರಿಂಟರನ್ನು ತಂದೆನು. ಅಂಗಡಿಯವನು ಅದನ್ನು ಇಂಕ್ ಟ್ಯಾಂಕ್ ಪ್ರಿಂಟರ್ ಎಂದು ಕರೆದನು. ದಿನಚರಿಯನ್ನು ನುಡಿ ತಂತ್ರಾಂಶದಲ್ಲಿ ನಾನೇ ಬೆರಳಚ್ಚು ಮಾಡಿದೆನು. 60 ಪುಟಗಳಾದವು. ಹತ್ತು ಪ್ರತಿ ತೆಗೆದು ಹೊಲಿಸಿದೆನು. ದೀಪಾವಳಿಯ ಹೊತ್ತಿಗೆ ಆ ಕಾರ್ಯವು ಮುಗಿಯಿತು. ಅನಂತರ ಯಂತ್ರಕ್ಕೆ ಕೆಲಸವಿಲ್ಲದಂತಾಯಿತು. ಧೂಳು ಕೂರದಿರಲೆಂದು ನಮ್ಮ ಮನೆಯವರು ಅದಕ್ಕೊಂದು ಕಸೂತಿಯ ಹೊದಿಕೆಯನ್ನು ಹಾಕಿದರು.

ಇದೇ ವರ್ಷ ತಂಗಿಯ ಮನೆಗೂ ಒಂದು ಯಂತ್ರದ ಅಗತ್ಯ ಬಂದಿತು. ಅವಳನ್ನು ಕೊಟ್ಟಿರುವುದು ಮೊಳಕಾಲ್ಮೂರಿಗೆ. ಅವಳ ಯಜಮಾನರು 2017ರಲ್ಲಿ ಅಕಾಲದಲ್ಲಿಯೇ ಲಿಂಗೈಕ್ಯರಾದರು. ಉಳಿದದ್ದು ಹಳೆಯ ಮನೆ, ಮಳೆ ನಂಬಿದ ಎರಡೆಕರೆ ಹೊಲ, ಪದವಿಪೂರ್ವ ತರಗತಿಯಲ್ಲಿ ಓದುತ್ತಿದ್ದ ಒಬ್ಬಳೇ ಮಗಳು. ಯಾರ ಮುಂದೆಯೂ ಕೈಚಾಚದ ಸ್ವಭಾವ ಅವಳದು. ಮಗಳಿಗೆ ಕಾಲೇಜಿನಿಂದ ಗಣಕಯಂತ್ರದ ಪರಿಚಯವಿತ್ತು. ಮನೆಯು ಶಾಲೆಗೆ ಸಮೀಪವಾದುದರಿಂದ, ಪಡಸಾಲೆಯಲ್ಲಿ ಒಂದು ಪ್ರಿಂಟರ್ ಇಟ್ಟುಕೊಂಡರೆ ಅರ್ಜಿ, ಪ್ರವೇಶಪತ್ರ, ಮಕ್ಕಳ ಪ್ರಾಜೆಕ್ಟ್ ಹಾಳೆ ಮೊದಲಾದುವನ್ನು ತೆಗೆದುಕೊಟ್ಟು ನಾಲ್ಕು ಕಾಸು ಗಳಿಸಬಹುದೆಂದು ತಾಯಿ ಮಗಳು ಯೋಚಿಸಿದರು. “ಅಣ್ಣಾ, ನಿನಗೆ ಇದೆಲ್ಲ ಗೊತ್ತಿದೆ. ಒಂದು ಒಳ್ಳೆಯದನ್ನು ನೋಡಿ ಕೊಡಿಸು” ಎಂದು ತಂಗಿ ಹೇಳಿ ಕಳುಹಿಸಿದಳು.

ನಾನು ಜೂನ್ ತಿಂಗಳಲ್ಲಿ 2,900 ರೂಪಾಯಿಯ ಒಂದು ಪ್ರಿಂಟರನ್ನು ಕೊಂಡು, ಹಣವನ್ನು ಅವಳಿಂದ ತೆಗೆದುಕೊಳ್ಳದೆ, ತವರಿನ ಉಡುಗೊರೆಯೆಂದು ಕೊಟ್ಟು ಬಂದೆನು. ಅದು ಕಾರ್ಟ್ರಿಡ್ಜ್ ಎಂಬ ಸಣ್ಣ ಮಸಿಡಬ್ಬಿಯನ್ನು ಸಿಕ್ಕಿಸುವ ಜಾತಿಯದು. ವರ್ಷಕ್ಕೆ ಒಂದು ಬಾರಿ ಕೆಲಸವಿದ್ದ ನನ್ನ ಮನೆಗೆ 11,000 ರೂಪಾಯಿಯದು. ದಿನವೂ ದುಡಿದು ಅನ್ನ ಗಳಿಸಬೇಕಾದ ತಂಗಿಯ ಮನೆಗೆ ಮೂರು ಸಾವಿರದ ಒಳಗಿನದು. ಈಗ ಬರೆಯುವಾಗ ಲೇಖನಿ ತಡೆಯುತ್ತದೆ. ಆದರೆ ಅಂದು, ಆರಂಭಕ್ಕೆ ಇಷ್ಟು ಸಾಕೆಂದುಕೊಂಡು, ಉದಾರಿಯೆಂಬ ಸಮಾಧಾನದಿಂದಲೇ ಬಸ್ಸು ಹತ್ತಿ ಹಿಂತಿರುಗಿದೆನು.

ಒಂಬತ್ತು ತಿಂಗಳು ಕಳೆದ ಮೇಲೆ, 2019ರ ಮಾರ್ಚಿಯಲ್ಲಿ, ಪುನಃ ಆ ಊರಿಗೆ ಹೋಗುವ ಸಂದರ್ಭ ಬಂದಿತು. ಟಿ.ಎಸ್. ವೆಂಕಣ್ಣಯ್ಯನವರ ತಳುಕನ್ನು ಹಾದು, ಬಿ.ಜಿ. ಕೆರೆ, ಹಾನಗಲ್ಲುಗಳ ಮೇಲೆ ಬಸ್ಸು ಮೊಳಕಾಲ್ಮೂರನ್ನು ಮುಟ್ಟುವಾಗ ಸಂಜೆಯಾಗಿತ್ತು. ರಾತ್ರಿ ಊಟವಾಗಿ ಎಷ್ಟೋ ಹೊತ್ತಾದ ಮೇಲೆ ಎಚ್ಚರಗೊಂಡು ನೋಡಿದರೆ, ತಂಗಿಯು ದೀಪದ ಕೆಳಗೆ ಕುಳಿತು ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಆ ಊರು ರೇಷ್ಮೆ ಸೀರೆಗೆ ಹೆಸರಾದುದು. ಮಗ್ಗದಿಂದ ಇಳಿದ ಸೀರೆಗೆ ಕುಚ್ಚು ಕಟ್ಟಿಕೊಡುವುದು ಅಲ್ಲಿ ಹಲವು ಹೆಣ್ಣುಮಕ್ಕಳ ಬಿಡುವಿನ ಕೆಲಸ. ಆದರೆ ಇವಳಿಗೆ ಅದು ಬಿಡುವಿನ ಕೆಲಸದಂತೆ ಕಾಣಲಿಲ್ಲ. ಬೆಳಗಾದ ಮೇಲೆ ಸೊಸೆಯನ್ನು ಕೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವ, ಅವ್ವ ಕುಚ್ಚು ಕಟ್ಟಿದ ದುಡ್ಡೆಲ್ಲ ಆ ಮಸಿಡಬ್ಬಿಗೇ ಹೋಗ್ತದೆ” ಎಂದಳು.

ತಂಗಿಯು ಶಾಲೆಯ ಹಳೆಯ ನೋಟುಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದಳು. ನಾನು ಅದನ್ನು ಕೇಳಿ ತೆಗೆದುಕೊಂಡೆನು. ಒಂಬತ್ತು ತಿಂಗಳಲ್ಲಿ 1,440 ಪುಟಗಳನ್ನು ಮುದ್ರಿಸಿ, ಪುಟಕ್ಕೆ 3 ರೂಪಾಯಿಯಂತೆ 4,320 ರೂಪಾಯಿ ಬಂದಿತ್ತು. ಆದರೆ ಕಪ್ಪು ಕಾರ್ಟ್ರಿಡ್ಜ್ ಒಂದಕ್ಕೆ 650 ರೂಪಾಯಿ. ಒಂದರಲ್ಲಿ 180 ಪುಟಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಎಂಟು ಕಾರ್ಟ್ರಿಡ್ಜುಗಳಿಗೆ 5,200, ಮೂರು ರೀಮು ಕಾಗದಕ್ಕೆ 660, ಒಟ್ಟು 5,860 ರೂಪಾಯಿ ಖರ್ಚು. ನಷ್ಟ 1,540 ರೂಪಾಯಿ. ಎಂದರೆ ಒಂದೊಂದು ಪುಟವನ್ನು ಗಿರಾಕಿಯ ಕೈಗೆ ಕೊಡುವಾಗಲೂ ಅವಳು ತನ್ನ ಕೈಯಿಂದ ಒಂದು ರೂಪಾಯಿಗೂ ಮಿಗಿಲಾಗಿ ಸೇರಿಸಿ ಕೊಟ್ಟಿದ್ದಳು. ದರವನ್ನು ಐದಕ್ಕೆ ಏರಿಸೋಣವೆಂದರೆ ಬಜಾರಿನ ಝೆರಾಕ್ಸ್ ಅಂಗಡಿಯಲ್ಲಿ ಅದಕ್ಕಿಂತ ಕಡಮೆಗೆ ಆಗುತ್ತಿತ್ತು.

“ಇಷ್ಟು ದಿನ ಏಕೆ ಹೇಳಲಿಲ್ಲ?” ಎಂದು ಕೇಳಿದೆನು. “ತವರಿನಿಂದ ಬಂದದ್ದನ್ನು ಹೇಗೆ ಆಡಿಕೊಳ್ಳಲಿ ಅಣ್ಣಾ? ನಾನೇ ಸರಿಯಾಗಿ ನಡೆಸ್ತಿಲ್ಲ ಅಂದ್ಕೊಂಡಿದ್ದೆ” ಎಂದಳು. ಗಣಿತದ ಮೇಷ್ಟ್ರಾದ ನಾನು ಮಾಡಬೇಕಾಗಿದ್ದ ಲೆಕ್ಕವನ್ನು ಏಳನೆಯ ತರಗತಿಗೆ ಶಾಲೆ ಬಿಟ್ಟ ಹೆಣ್ಣುಮಗಳು ಮಾಡಿಟ್ಟಿದ್ದಳು. ತಪ್ಪು ಮಾತ್ರ ತನ್ನದೆಂದು ತಿಳಿದಿದ್ದಳು.

ಊರಿಗೆ ಮರಳಿದವನು ಮೊದಲು ಈ ಯಂತ್ರಗಳ ಮರ್ಮವನ್ನು ತಿಳಿಯಲು ಕುಳಿತೆನು. ತಿಳಿದುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಇಂಕ್‌ಜೆಟ್ ಎಂದರೆ ಮಸಿಯನ್ನು ಹನಿಹನಿಯಾಗಿ ಕಾಗದದ ಮೇಲೆ ಚಿಮ್ಮುವ ಯಂತ್ರ. ಹೆಡ್ ಎಂಬ ಅದರ ಭಾಗದಲ್ಲಿ ತಲೆಗೂದಲಿಗಿಂತ ಸಣ್ಣನೆಯ ನೂರಾರು ರಂಧ್ರಗಳಿರುತ್ತವೆ. ಹನಿಯನ್ನು ಚಿಮ್ಮಿಸಲು ಎರಡು ಬಗೆ ಇವೆ. ಒಂದರಲ್ಲಿ ರಂಧ್ರದ ಹಿಂದಿರುವ ಸೂಕ್ಷ್ಮವಾದ ಶಾಖದ ತುಣುಕು ಕ್ಷಣಾರ್ಧದಲ್ಲಿ ಕಾದು, ಮಸಿಯಲ್ಲಿ ಗುಳ್ಳೆಯೆದ್ದು, ಆ ಗುಳ್ಳೆಯು ಹನಿಯನ್ನು ಹೊರಕ್ಕೆ ತಳ್ಳುತ್ತದೆ. ಕ್ಯಾನನ್ ಕಂಪನಿಯ ಇಚಿರೊ ಎಂಡೊ ಎಂಬವರಿಗೆ 1977ರಲ್ಲಿ ಇದು ಹೊಳೆದ ಬಗೆ ಸ್ವಾರಸ್ಯವಾಗಿದೆ. ಮಸಿ ತುಂಬಿದ ಸಿರಿಂಜಿನ ಸೂಜಿಗೆ ಕಾದ ಬೆಸುಗೆಕೋಲು ಅಕಸ್ಮಾತ್ತಾಗಿ ತಗುಲಿ ಮಸಿಯು ಚಿಮ್ಮಿತಂತೆ. ಎಚ್‌ಪಿ ಮತ್ತು ಕ್ಯಾನನ್ ಯಂತ್ರಗಳು ಈ ಜಾತಿಯವು. ಎರಡನೆಯ ಬಗೆಯಲ್ಲಿ ಶಾಖವಿಲ್ಲ. ವಿದ್ಯುತ್ತು ಹರಿದಾಗ ಬಾಗುವ ಒಂದು ಬಗೆಯ ಹರಳು ಮಸಿಯನ್ನು ಒತ್ತುತ್ತದೆ. ಎಪ್ಸನ್ ಮತ್ತು ಬ್ರದರ್ ಯಂತ್ರಗಳಲ್ಲಿ ಈ ಏರ್ಪಾಡು ಇದೆ. ಅಕ್ಷರದ ಅಂದವು ಎರಡರಲ್ಲಿಯೂ ಚೆನ್ನಾಗಿಯೇ ಬರುತ್ತದೆ. ಕೊಳ್ಳುವವನನ್ನು ಉಳಿಸುವುದೂ ಮುಳುಗಿಸುವುದೂ ಹನಿ ಚಿಮ್ಮುವ ಬಗೆಯಲ್ಲ, ಮಸಿ ತುಂಬುವ ಬಗೆ.

ಕಾರ್ಟ್ರಿಡ್ಜ್ ಯಂತ್ರದ ವ್ಯಾಪಾರವೇ ಬೇರೆ. ಯಂತ್ರವನ್ನು ಅಗ್ಗವಾಗಿ ಕೊಟ್ಟು, ಮಸಿಯ ಮಾರಾಟದಲ್ಲಿ ಲಾಭವನ್ನು ಪಡೆಯುವ ಪದ್ಧತಿಯು ಈ ಉದ್ಯಮದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇದರಿಂದ ಬೇಸತ್ತ ಬಳಕೆದಾರರು ಖಾಲಿ ಡಬ್ಬಿಗೆ ಸಿರಿಂಜಿನಿಂದ ಮಸಿ ತುಂಬುವುದನ್ನೂ, ಹೊರಗೆ ಬಾಟಲಿಗಳನ್ನಿಟ್ಟು ಕೊಳವೆಗಳಿಂದ ಮಸಿ ಹಾಯಿಸುವುದನ್ನೂ ತಾವೇ ಆರಂಭಿಸಿದರು. ಕೊನೆಗೆ ಎಪ್ಸನ್ ಕಂಪನಿಯು 2010ರಲ್ಲಿ ಇಂಡೊನೇಷ್ಯದಲ್ಲಿ ತಾನೇ ತೊಟ್ಟಿಯಿರುವ ಪ್ರಿಂಟರನ್ನು ಮಾರುಕಟ್ಟೆಗೆ ತಂದಿತು. ಮುಂದೆ ಕ್ಯಾನನ್, ಎಚ್‌ಪಿ, ಬ್ರದರ್ ಕಂಪನಿಗಳೂ ಅದೇ ಹಾದಿ ಹಿಡಿದವು. ಇಲ್ಲಿ ಯಂತ್ರಕ್ಕೆ ಹೆಚ್ಚು ಹಣ, ಮಸಿಗೆ ಕಡಮೆ ಹಣ. ನನ್ನ ಯಂತ್ರದ 65 ಮಿಲಿಲೀಟರಿನ ಕಪ್ಪು ಮಸಿಯ ಬಾಟಲಿಗೆ ನಾನು ಕೊಟ್ಟದ್ದು 350 ರೂಪಾಯಿ. ಅದರಲ್ಲಿ 4,500 ಪುಟಗಳೆಂದು ಕಂಪನಿಯ ಲೆಕ್ಕ. ಇಂಥ ಲೆಕ್ಕಗಳನ್ನು ಗೊತ್ತಾದ ಮಾದರಿ ಪುಟಗಳನ್ನು ಎಡೆಬಿಡದೆ ಮುದ್ರಿಸಿ ಹಾಕುತ್ತಾರೆ. ಮನೆಯಲ್ಲಿ ಬಿಟ್ಟುಬಿಟ್ಟು ಮುದ್ರಿಸುವುದರಿಂದ, ನಡುನಡುವೆ ಹೆಡ್ ತೊಳೆಯಲು ಮಸಿ ಖರ್ಚಾಗುವುದರಿಂದ, ಅಷ್ಟು ಬರುವುದಿಲ್ಲ. 3,000 ಪುಟವೆಂದೇ ಹಿಡಿದರೂ ಪುಟಕ್ಕೆ ಮಸಿಯ ವೆಚ್ಚ 12 ಪೈಸೆಯೊಳಗೆ. ತಂಗಿಯು ತೆರುತ್ತಿದ್ದುದು ಪುಟಕ್ಕೆ 3 ರೂಪಾಯಿ 61 ಪೈಸೆ!

ಎರಡು ಯಂತ್ರಗಳ ಬೆಲೆಯ ಅಂತರ 8,100 ರೂಪಾಯಿ. ಪುಟವೊಂದಕ್ಕೆ ಮಸಿಯಲ್ಲಿ ಉಳಿಯುವುದು ಸುಮಾರು ಮೂರೂವರೆ ರೂಪಾಯಿ. ಭಾಗಿಸಿದರೆ 2,300ಕ್ಕೆ ಸ್ವಲ್ಪ ಮೇಲೆ. ಅಷ್ಟು ಪುಟಗಳನ್ನು ಮುದ್ರಿಸಿದವನಿಗೆ ತುಟ್ಟಿಯ ಯಂತ್ರವೇ ಅಗ್ಗ. ತಿಂಗಳಿಗೆ 160 ಪುಟ ತೆಗೆಯುತ್ತಿದ್ದ ತಂಗಿಗೆ ಅದು ಹದಿನೈದು ತಿಂಗಳ ದಾರಿ. ತಿಂಗಳಿಗೆ ಹತ್ತು ಪುಟ ತೆಗೆಯುವ ನನ್ನಂಥವನಿಗೆ ಹತ್ತೊಂಬತ್ತು ವರ್ಷ ಬೇಕು. ಅಷ್ಟು ಕಾಲ ಆ ಯಂತ್ರವೂ ಬಾಳದು, ಬಹುಶಃ ನಾನೂ ಬಾಳೆನು. ತೊಟ್ಟಿಯ ಯಂತ್ರವು ತಂಗಿಯ ಮನೆಯಲ್ಲಿ ಇರಬೇಕಾಗಿತ್ತು. ನನ್ನ ಮನೆಗೆ ಯಾವ ಯಂತ್ರವೂ ಬೇಕಾಗಿರಲಿಲ್ಲ. ಈ ಉತ್ತರವನ್ನು ಕಂಡ ದಿನವೇ ನನ್ನ ಪ್ರಿಂಟರನ್ನು ಅವಳಿಗೆ ತಲುಪಿಸಲು ನಿಶ್ಚಯಿಸಿದೆನು.

ಆದರೆ ಕಸೂತಿಯ ಹೊದಿಕೆಯನ್ನು ತೆಗೆದು ಯಂತ್ರವನ್ನು ಚಾಲು ಮಾಡಿದಾಗ ಬಿಳಿಯ ಹಾಳೆಯೇ ಹೊರಬಂದಿತು. ರಾಜ್ಯದಲ್ಲಿಯೇ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು ನಮ್ಮ ಚಳ್ಳಕೆರೆ. ಇಲ್ಲಿಯ ಒಣಗಾಳಿಗೆ ನಾಲ್ಕು ತಿಂಗಳಿನಿಂದ ಅಲುಗಾಡದೆ ನಿಂತಿದ್ದ ಹೆಡ್ಡಿನ ಬಾಯಲ್ಲಿ ಮಸಿಯು ಒಣಗಿ ಕಟ್ಟಿಕೊಂಡಿತ್ತು. ಅದಕ್ಕೆ ನನ್ನದೊಂದು ತಪ್ಪೂ ಸೇರಿತ್ತು. ಕೆಲಸವಾದ ಕೂಡಲೆ ನಾನು ಗೋಡೆಯ ಸ್ವಿಚ್ಚನ್ನು ಆರಿಸಿಬಿಡುತ್ತಿದ್ದೆನು. ಯಂತ್ರದ ಮೇಲಿನ ಗುಂಡಿಯನ್ನು ಒತ್ತಿ ಆರಿಸಿದರೆ ಮಾತ್ರ ಹೆಡ್ಡು ತನ್ನ ಮೂಲೆಗೆ ಸರಿದು, ಅಲ್ಲಿರುವ ರಬ್ಬರಿನ ಮುಚ್ಚಳದ ಮೇಲೆ ಕುಳಿತುಕೊಳ್ಳುತ್ತದೆ. ಏಕಾಏಕಿ ವಿದ್ಯುತ್ತನ್ನು ಕಡಿದರೆ ಬಾಯಿ ತೆರೆದೇ ಉಳಿಯುವ ಸಂಭವವುಂಟು. ಸೂಚನಾ ಪುಸ್ತಕದಲ್ಲಿ ಇದ್ದ ಈ ಮಾತನ್ನು ನಾನು ಓದಿರಲಿಲ್ಲ. ಮಕ್ಕಳಿಗೆ ಮಾತ್ರ ಪ್ರಶ್ನೆಯನ್ನು ಎರಡು ಬಾರಿ ಓದಿರೆಂದು ಹೇಳುತ್ತಿದ್ದೆ!

ಹೆಡ್ ತೊಳೆಯುವ ಆದೇಶವನ್ನು ಎರಡು ಬಾರಿ ಕೊಟ್ಟು, ರಾತ್ರಿಯೆಲ್ಲ ಬಿಟ್ಟು, ಮರುದಿನ ಪುನಃ ಕೊಟ್ಟೆನು. ಪರೀಕ್ಷೆಯ ಹಾಳೆಯಲ್ಲಿ ಕಪ್ಪು ಗೆರೆಗಳು ಕೂಡಿಕೊಂಡವು. ಹಳದಿಯದು ಮೂರನೆಯ ದಿನ ಸರಿಹೋಯಿತು. ಪದೇ ಪದೇ ತೊಳೆಯುವುದೂ ಒಳ್ಳೆಯದಲ್ಲ. ತೊಳೆದ ಮಸಿಯು ಯಂತ್ರದೊಳಗಿನ ಒಂದು ಮೆತ್ತೆಗೆ ಇಳಿಯುತ್ತದೆ. ಆ ಮೆತ್ತೆ ತುಂಬಿದಾಗ ಯಂತ್ರವು ಮುದ್ರಿಸುವುದನ್ನೇ ನಿಲ್ಲಿಸಿಬಿಡುತ್ತದೆ.

ತೊಟ್ಟಿಯ ತುಂಬ ಮಸಿಯಿರುವ ಯಂತ್ರವನ್ನು ಬಸ್ಸಿನಲ್ಲಿ ಒಯ್ಯುವುದೂ ಒಂದು ಸಾಹಸವೇ. ಓರೆಯಾದರೆ ಮಸಿ ಚೆಲ್ಲುತ್ತದೆ. ಮುಚ್ಚಳಗಳನ್ನು ಬಿಗಿಮಾಡಿ, ಅಡಿಯಲ್ಲಿ ಹಳೆಯ ಪಂಚೆ ಹಾಸಿ, ಜಾತ್ರೆಗೆ ಹೊರಟವರು ಮೊಸರಿನ ಗಡಿಗೆಯನ್ನು ಹಿಡಿದಂತೆ ತೊಡೆಯ ಮೇಲೆ ಸಮನಾಗಿಟ್ಟುಕೊಂಡು ಮೊಳಕಾಲ್ಮೂರಿನವರೆಗೂ ಕುಳಿತೆನು. ತಂಗಿಯ ನೆರೆಮನೆಯ ನೇಕಾರರೊಬ್ಬರು ನನ್ನ ಕಥೆಯನ್ನು ಕೇಳಿ ನಕ್ಕು, “ಮಗ್ಗಾನೂ ಅಷ್ಟೇ ಮೇಷ್ಟ್ರೇ. ದುಡಿದಷ್ಟು ದಿನ ಚೆನ್ನಾಗಿರ್ತದೆ, ಬಿಟ್ಟರೆ ಕೆಡ್ತದೆ” ಎಂದರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಸೀಮೆಯವರಾದ ನಮಗೆ, ಮಾಡಿದಷ್ಟು ನೀಡು ಭಿಕ್ಷೆ ಎಂಬ ಮಾತು ಬಾಲ್ಯದಿಂದಲೂ ಪರಿಚಿತ. ದುಡಿಸಿದವರಿಗೆ ಮಾತ್ರ ನೀಡುವ ಈ ಯಂತ್ರವನ್ನು ನೋಡಿದಾಗ ಅದೇ ನೆನಪಾಯಿತು.

ಯಂತ್ರವನ್ನು ಮೇಜಿನ ಮೇಲಿಟ್ಟು, “ತಂಗೀ, ತಪ್ಪು ನನ್ನದು. ನಿನಗೆ ಕೊಡಬೇಕಾದ್ದನ್ನು ನಾನಿಟ್ಟುಕೊಂಡು, ಬೇಡವಾದದ್ದನ್ನು ನಿನಗೆ ಕೊಟ್ಟೆ” ಎಂದೆನು. ಮೂವತ್ತು ವರ್ಷ ಮೇಷ್ಟರಾಗಿದ್ದವನಿಗೆ ಈ ಎರಡು ವಾಕ್ಯಗಳು ಸುಲಭವಾಗಿ ಬರಲಿಲ್ಲ. ಅವಳು ಒಳಗೆ ಹೋಗಿ ಆ ನೋಟುಬುಕ್ಕನ್ನೇ ತಂದಳು. “ಪುಕ್ಕಟೆ ಬೇಡ ಅಣ್ಣಾ. ಬಳಸಿದ ಯಂತ್ರ, ಏಳು ಸಾವಿರ ಅಂತ ಬರ್ಕೊಳ್ತೀನಿ. ತಿಂಗಳಿಗೆ ಐನೂರು” ಎಂದಳು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ಉಡುಗೊರೆಯ ಭಾರವನ್ನು ಒಂಬತ್ತು ತಿಂಗಳು ಹೊತ್ತವಳು ಇನ್ನೊಂದನ್ನು ಹೊರಲು ಸಿದ್ಧಳಿರಲಿಲ್ಲವೆಂದು ಆಮೇಲೆ ಅರಿವಾಯಿತು. ಏಪ್ರಿಲಿನಿಂದ ಪ್ರತಿ ತಿಂಗಳೂ 500 ರೂಪಾಯಿ ತಪ್ಪದೆ ಬಂದಿತು. ಕಾಗದ, ಮಸಿ ಸೇರಿ ಪುಟಕ್ಕೆ 56 ಪೈಸೆ ವೆಚ್ಚ; ದರ ಅದೇ 3 ರೂಪಾಯಿ. ಕಂತು ಕಟ್ಟಿಯೂ ಸ್ವಲ್ಪ ಉಳಿಯತೊಡಗಿತು. ನೇಕಾರರ ಮನೆಗಳಿಂದ ಅಂಚು ಸೆರಗುಗಳ ವಿನ್ಯಾಸವನ್ನು ಬಣ್ಣದಲ್ಲಿ ತೆಗೆದುಕೊಡಲು ಕೇಳುವವರೂ ಬಂದರು.

ಆ ಮಳೆಗಾಲದಲ್ಲಿ ಇನ್ನೊಂದು ಪಾಠವಾಯಿತು. ಪರೀಕ್ಷೆಗೆ ಹೊರಟ ಒಬ್ಬ ಹುಡುಗನ ಪ್ರವೇಶಪತ್ರವು ತುಂತುರಿಗೆ ನೆನೆದು, ನೋಂದಣಿ ಸಂಖ್ಯೆಯೇ ಕಲೆಸಿಹೋಯಿತು. ಅವನು ಓಡಿಬಂದನು, ಸೊಸೆಯು ತಕ್ಷಣವೇ ಇನ್ನೊಂದನ್ನು ತೆಗೆದುಕೊಟ್ಟದ್ದರಿಂದ ಗಂಡಾಂತರ ತಪ್ಪಿತು. ಇಂಕ್‌ಜೆಟ್ ಮಸಿಗಳಲ್ಲಿ ನೀರಿನಲ್ಲಿ ಕರಗಿದ ಬಣ್ಣದ ಮಸಿ, ಎಂದರೆ ಡೈ, ಒಂದು ಬಗೆ. ನುಣ್ಣನೆಯ ಬಣ್ಣದ ಕಣಗಳು ತೇಲುವ ಪಿಗ್ಮೆಂಟ್ ಮಸಿ ಇನ್ನೊಂದು ಬಗೆ. ಮೊದಲನೆಯದು ಚಿತ್ರಗಳಿಗೆ ಸೊಗಸು, ಆದರೆ ಸಾಮಾನ್ಯ ಕಾಗದದ ಮೇಲೆ ನೀರು ಬಿದ್ದರೆ ಹರಡುತ್ತದೆ. ಎರಡನೆಯದು ಬಹುಮಟ್ಟಿಗೆ ನಿಲ್ಲುತ್ತದೆ. ಲೇಸರ್ ಪ್ರಿಂಟರಿನಲ್ಲಿ ಪುಡಿಯು ಶಾಖಕ್ಕೆ ಕರಗಿ ಕಾಗದಕ್ಕೆ ಅಂಟುವುದರಿಂದ ನೀರಿನ ಭಯವಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಆ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಬರೆದು, ಲಿಪಿಕಾರನೆಂಬ ಮಾತನ್ನು ಮಾತ್ರ ದೂರದ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳ ಮಳೆ ಬಿಸಿಲನ್ನು ಅದು ತಾಳಿಕೊಂಡಿದೆ. ಅದೇ ತಾಲ್ಲೂಕಿನಲ್ಲಿ ನಾವು ಕೊಟ್ಟ ಹಾಳೆಯು ಒಂದು ತುಂತುರಿಗೆ ನಿಲ್ಲಲಿಲ್ಲ. ಅಂದಿನಿಂದ ಸೊಸೆಯು ಪ್ರವೇಶಪತ್ರ, ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಕೊಡತೊಡಗಿದಳು.

2020ರ ಮಾರ್ಚಿಯ ಕೊನೆಯಲ್ಲಿ ಕೊರೋನಾ ನಿರ್ಬಂಧದಿಂದ ಎಲ್ಲವೂ ಸ್ತಬ್ಧವಾಯಿತು. ಎರಡು ಕಂತುಗಳು ಬಾಕಿಯಿದ್ದವು. ಗಿರಾಕಿಗಳಿಲ್ಲದಿದ್ದರೂ ತಾಯಿ ಮಗಳು ವಾರಕ್ಕೊಂದು ಬಣ್ಣದ ಹಾಳೆಯನ್ನು ತೆಗೆದು ಯಂತ್ರವನ್ನು ಒಣಗಗೊಡಲಿಲ್ಲ. ಶಾಲೆಗಳು ಮುಚ್ಚಿದ್ದ ಆ ದಿನಗಳಲ್ಲಿ ಮೊಬೈಲಿಗೆ ಬಂದ ಪಾಠದ ಹಾಳೆಗಳನ್ನು ಮುದ್ರಿಸಿಕೊಳ್ಳಲು ಮಕ್ಕಳ ತಂದೆತಾಯಿಗಳು ಬರತೊಡಗಿದರು. ಮೊಬೈಲ್ ಕೊಳ್ಳಲಾರದ ಮನೆಯ ಮಕ್ಕಳಿಗೆ ತಂಗಿಯು ಕಾಗದದ ಹಣವನ್ನಷ್ಟೇ ತೆಗೆದುಕೊಂಡಳು. ಶ್ರಾವಣದಲ್ಲಿ ನಮ್ಮ ಮನೆಗೆ ಬಂದವಳು, ಉಳಿದ ಸಾವಿರ ರೂಪಾಯಿಯನ್ನು ನನ್ನ ಕೈಗಿಟ್ಟು, ನೋಟುಬುಕ್ಕಿನಲ್ಲಿ ನನ್ನಿಂದಲೇ ಸಹಿ ಹಾಕಿಸಿಕೊಂಡಳು.

ಆ ಯಂತ್ರವು 2023ರವರೆಗೆ ದುಡಿಯಿತು. ಹೊಸದನ್ನು ಕೊಳ್ಳುವ ಕಾಲ ಬಂದಾಗ ತಂಗಿಯು ಯಂತ್ರವನ್ನು ಆರಿಸಿಕೊಡೆಂದು ನನ್ನನ್ನು ಕೇಳಲಿಲ್ಲ. ಅಂಗಡಿಗೆ ಜೊತೆಯಲ್ಲಿ ಬರಲು ಮಾತ್ರ ಹೇಳಿದಳು. ಅಲ್ಲಿ ಅವಳು ಕೇಳಿದ ಪ್ರಶ್ನೆಗಳನ್ನೇ ನಾನು ಈಗ ಬಂಧುಗಳಿಗೆ ಹೇಳುತ್ತಿರುತ್ತೇನೆ. ಯಂತ್ರದ ಬೆಲೆಗೆ ಮೊದಲು ಮಸಿಯ ಬೆಲೆ ಎಷ್ಟು, ಅದರಲ್ಲಿ ಎಷ್ಟು ಪುಟ ಬರುತ್ತದೆ? ಕಪ್ಪು ಮಸಿ ಡೈಯೋ ಪಿಗ್ಮೆಂಟೋ? ಹೆಡ್ಡು ಕೆಟ್ಟರೆ ಬದಲಿಸಲು ಏನು ಖರ್ಚು? ತೊಳೆದ ಮಸಿಯ ಮೆತ್ತೆಯನ್ನು ನಾವೇ ಬದಲಿಸಬಹುದೋ, ಕಾರ್ಖಾನೆಯವರೇ ಬರಬೇಕೋ? ರಿಪೇರಿಯ ಕೇಂದ್ರವು ಚಿತ್ರದುರ್ಗದಲ್ಲಿದೆಯೋ ಬಳ್ಳಾರಿಗೆ ಹೋಗಬೇಕೋ? ವಾರಂಟಿಯು ವರ್ಷದ ಲೆಕ್ಕವೋ ಪುಟದ ಲೆಕ್ಕವೋ? ಅಂಗಡಿಯವನು ಹೂವಿನ ಬಣ್ಣದ ಚಿತ್ರವನ್ನು ಮುದ್ರಿಸಿ ತೋರಿಸಿದಾಗ, ಸೊಸೆಯು ಒತ್ತಕ್ಷರಗಳು ತುಂಬಿದ್ದ ಒಂದು ಕನ್ನಡ ಪುಟವನ್ನು ಕೊಟ್ಟು, “ಇದನ್ನು ತೆಗೀರಿ” ಎಂದಳು. ಕನ್ನಡದ ಮನೆಗೆ ಅದೇ ಸರಿಯಾದ ಪರೀಕ್ಷೆ. ಸಣ್ಣ ಒತ್ತುಗಳು ಕಲೆಸದೆ ಬಿಡಿಬಿಡಿಯಾಗಿ ಬಂದರೆ ಉಳಿದುದೆಲ್ಲ ಬರುತ್ತದೆ.

ಓದುಗ ಬಂಧುಗಳಲ್ಲಿ ನನ್ನ ಅರಿಕೆ ಇಷ್ಟೇ. ತಿಂಗಳಿಗೆ ನೂರು ಪುಟಕ್ಕೆ ಮೇಲ್ಪಟ್ಟು ಮುದ್ರಿಸುವವರು ತೊಟ್ಟಿಯ ಇಂಕ್‌ಜೆಟ್ ಯಂತ್ರವನ್ನು ಧೈರ್ಯವಾಗಿ ಕೊಳ್ಳಬಹುದು. ಬಣ್ಣ ಬೇಡ, ಕಪ್ಪು ಅಕ್ಷರ ಸಾಕು, ಆದರೆ ಯಾವಾಗಲೋ ಒಮ್ಮೆ ಕೆಲಸವೆನ್ನುವವರಿಗೆ ಲೇಸರ್ ಲೇಸು. ಅದರ ಪುಡಿ ಒಣಗುವುದಿಲ್ಲ. ತಿಂಗಳಿಗೆ ಹತ್ತು ಹಾಳೆ ಬೇಕಾದವರು ಯಾವುದನ್ನೂ ಕೊಳ್ಳದೆ ನೆರೆಯ ಅಂಗಡಿಗೆ ಹೋಗುವುದೇ ಉಚಿತ. ಆ ಅಂಗಡಿಯಲ್ಲಿ ನನ್ನ ತಂಗಿಯಂಥವಳೊಬ್ಬಳು ಕುಳಿತಿರಬಹುದು. ಕೊಂಡವರು ವಾರಕ್ಕೊಮ್ಮೆಯಾದರೂ ಒಂದು ಬಣ್ಣದ ಪುಟವನ್ನು ತೆಗೆಯಲಿ. ಯಂತ್ರವನ್ನು ಅದರ ಗುಂಡಿಯಿಂದಲೇ ಆರಿಸಲಿ. ಒಂದು ಕಂಪನಿಯ ಮಸಿಯನ್ನು ಇನ್ನೊಂದರ ತೊಟ್ಟಿಗೆ ಸುರಿಯದಿರಲಿ. ಹೆಣ್ಣುಮಕ್ಕಳಿಗೋ ತಮ್ಮಂದಿರಿಗೋ ಜೀವನೋಪಾಯಕ್ಕೆಂದು ಯಂತ್ರವನ್ನು ಕೊಡಿಸುವವರು, ಕೊಡುವುದಕ್ಕೆ ಮೊದಲು ಅವರೊಡನೆ ಕುಳಿತು ಒಂದು ಹಾಳೆಯ ಲೆಕ್ಕವನ್ನು ಹಾಕಲಿ.

ನಮ್ಮ ಮನೆಯಲ್ಲಿ ಈಗ ಪ್ರಿಂಟರ್ ಇಲ್ಲ. ಈ ಲೇಖನವನ್ನು ಬೆರಳಚ್ಚು ಮಾಡಿ ಮೊಬೈಲಿನಲ್ಲಿ ಮೊಳಕಾಲ್ಮೂರಿಗೆ ಕಳುಹಿಸಿದೆನು. ತಂಗಿಯು ಓದಿ, “ನನ್ನ ವಿಷಯ ಇಷ್ಟು ಬರೀಬೇಕಿತ್ತಾ ಅಣ್ಣಾ?” ಎಂದು ಕೇಳಿದಳು. ಆದರೆ ಬೇಡವೆನ್ನಲಿಲ್ಲ. ಅಚ್ಚುಮಾಡಿದ ಪ್ರತಿಯನ್ನು ಬಸ್ಸಿನಲ್ಲಿ ಕಳುಹಿಸಿಕೊಟ್ಟಳು. ಜೊತೆಗೆ ಒಂದು ಚೀಟಿಯಿತ್ತು: ಏಳು ಪುಟ, ಇಪ್ಪತ್ತೊಂದು ರೂಪಾಯಿ.